ಹಾಲ್ವರ್ ಹೇಳದೆ ಹೋದ ಪ್ರಾರ್ಥನೆ

1986ರ ಅಕ್ಟೋಬರ್ ತಿಂಗಳ ಆ ಶನಿವಾರ ಮಧ್ಯಾಹ್ನ ಹಿಡಿದ ಮಳೆ ಬಿಡುವ ಲಕ್ಷಣ ಕಾಣಲಿಲ್ಲ. ಅಮೆರಿಕದ ಡಕೋಟಾ ಬಯಲಿನ ಸೋಲ್‌ಹೈಮ್ ಚರ್ಚಿನ ನೆಲಮಾಳಿಗೆಯಲ್ಲಿ ಐವರು ಹೆಂಗಸರು ಆಲೂಗಡ್ಡೆ ಬೇಯಿಸಿ ನಾದಿ, ತೆಳ್ಳಗೆ ಲೆಫ್ಸೆ ರೊಟ್ಟಿ ಲಟ್ಟಿಸುತ್ತಿದ್ದರು. ನಾಳೆ ಆರಾಧನೆಯ ನಂತರ ಊಟ, ಊಟದ ನಂತರ ಮತ. ಹನ್ನೊಂದೇ ಮನೆಯವರು ಉಳಿದಿರುವ ಈ ಚರ್ಚನ್ನು ಕೆಡವಿ ಪೇಟೆಯ ಚರ್ಚಿಗೆ ಸೇರಿಕೊಳ್ಳುವುದೋ ಬೇಡವೋ ಎಂದು ಸಭೆ ತೀರ್ಮಾನಿಸಬೇಕಿತ್ತು. ಕೆಡವೋಣ ಎಂಬ ಠರಾವು ಬರೆದವಳು ದಾಗ್ನಿ. ಅರವತ್ತು ವರ್ಷದ ಅವಳಿಗೆ ಸೋರುವ ಮಾಡಿನ ಕೆಳಗೆ ಬಕೆಟ್ ಇಟ್ಟೂ ಇಟ್ಟೂ ಸಾಕಾಗಿತ್ತು. ಇಲ್ಲೇ ಬೆಳೆದವಳಿಗೆ ಸಂಕಟವಾಗದೆ ಇರಲಿಲ್ಲ. ಆದರೆ ಸಂಕಟಪಟ್ಟರೆ ಮಾಡು ಸರಿಹೋಗುತ್ತದೆಯೇ?

ತೊಂಬತ್ತು ದಾಟಿದ ರಾಗ್ನಾ ಒಲೆಯ ಬಳಿ ಕೂತು ಲೆಫ್ಸೆ ಮಗುಚಿ ಹಾಕುತ್ತಿದ್ದಳು.

"ಅಜ್ಜಿ, ನಿಮ್ಮ ಓಟು ಯಾವ ಕಡೆಗೋ?" ಎಂದು ಲಟ್ಟಿಸುತ್ತಿದ್ದ ಥೆಲ್ಮಾ ಕೆಣಕಿದಳು.

"ಕೆಡವ್ಕೊಳ್ರೇ, ನಾನೇನು ಬೇಡ ಅಂದ್ನಾ? ಆದ್ರೆ ಮೇಲೆ ಕೂತಿರೋರನ್ನ ಎಲ್ಲಿಗೆ ಕಳಿಸ್ತೀರ, ಅದೊಂದು ಹೇಳಿ."

ಮೇಲೆ ಚರ್ಚಿನೊಳಗೆ ಯಾರೂ ಇರಲಿಲ್ಲ. ಬಾಗಿಲು ಹಾಕಿ ಬಂದವಳು ದಾಗ್ನಿಯೇ. ಮತ ಕೆಡಿಸಲು ಮುದುಕಿ ಹೂಡಿದ ಆಟ ಇದು ಅಂದುಕೊಂಡಳು. ಆದರೂ ಎಲ್ಲರೂ ಕಾಫಿ ಬಗ್ಗಿಸಿಕೊಂಡು ಹತ್ತಿರ ಬಂದರು.

"ಇಪ್ಪತ್ತಾರನೇ ಇಸವಿ ಕಣ್ರೇ... ನವೆಂಬರ್ ಕೊನೇ ಭಾನುವಾರ. ಬರೋ ವಾರದಿಂದ ಆರಾಧನೆ ಎಲ್ಲಾ ನಾರ್ವೆ ಭಾಷೆ ಬಿಟ್ಟು ಇಂಗ್ಲಿಷಲ್ಲೇ ಅಂತ ನಾಕೇ ನಾಕು ಓಟು ಹೆಚ್ಚಾಗಿ ತೀರ್ಮಾನ ಆಗಿತ್ತು, ಇನ್ಮೇಲೆ ಪ್ರಾರ್ಥನೆ ಹೇಳೋ ಕ್ಲೋಕರೂ ಬೇಡ ಅಂದ್ಬಿಟ್ರು. ನಮ್ಮಪ್ಪ ಹಾಲ್ವರ್ ಇಪ್ಪತ್ತೆಂಟು ವರ್ಷ ಕ್ಲೋಕರ್ ಆಗಿದ್ದ, ಸಭೆ ಕೈಯೆತ್ತಿ ಆರಿಸಿತ್ತು ಅವನನ್ನ. ಕೀರ್ತನೆ ಎತ್ತಿಕೊಡೋನು ಅವನು, ಮೊದಲ ಪ್ರಾರ್ಥನೆ ಅವನದು, ಕಡೇ ಪ್ರಾರ್ಥನೆನೂ ಅವನದೇ. ಪಾದ್ರಿ ಆಶೀರ್ವಾದ ಕೊಟ್ಟಾಯ್ತು ಅಂತ ಯಾರೂ ಏಳೋ ಹಾಗಿರಲಿಲ್ಲ. ಕ್ಲೋಕರ್ ಮುಂದೆ ಬಂದು ಆ ಪ್ರಾರ್ಥನೆ ಹೇಳಿ ಆಮೆನ್ ಅಂದ್ಮೇಲೇನೇ ಮೊದಲು ಹೆಂಗಸರ ಸಾಲು ಏಳೋದು, ಆಮೇಲೆ ಗಂಡಸರದ್ದು. ಆರಾಧನೆ ಮುಗೀತು ಅನ್ನೋದಕ್ಕೆ ಅದೇ ಗುರುತು... ಆವತ್ತು ನಮ್ಮಪ್ಪ ಏನ್ಮಾಡ್ದ ಗೊತ್ತಾ? ಮುಂದೆ ಬಂದ, ಎಲ್ಲರ ಮುಖ ನೋಡ್ದ, ಪುಸ್ತಕ ಮುಚ್ಚಿ, ಟೋಪಿ ಇಟ್ಕೊಂಡು ಹೊರಟೇಬಿಟ್ಟ. ಸಿಟ್ಟು ಮೂಗಿನ ತುದೀಲೇ ಅವನಿಗೆ."

"ಆಮೇಲೆ?"

"ಆಮೇಲೇನು, ಕೂತ್ವಿ. ಮುಗೀದೆ ಹೇಗೆ ಏಳೋದು? ಬಹಳ ಹೊತ್ತಾದ್ಮೇಲೆ ಆ ಹೊಸ ಪಾದ್ರಿ, ಪಾಪ, ಹೊರಡಿ ಹೊರಡಿ ಅಂತ ಕೈ ಬೀಸ್ದ. ಕಳ್ಳರ ಥರ ತಲೆ ತಗ್ಗಿಸ್ಕೊಂಡು ಒಬ್ಬೊಬ್ಬರೇ ಬಂದ್ವಿ. ಫೆಬ್ರವರೀಲಿ ಅಪ್ಪ ಹೋದ. ಮಾರ್ಚಲ್ಲಿ, ಆವತ್ತು ನಮ್ಮ ಜೊತೆ ಕೂತಿದ್ದ ಗುರೀನಾ ಹೋದ್ಲು. ಅವಳನ್ನ ಮಣ್ಣು ಮಾಡಿ ಎಂಟು ದಿನಕ್ಕೆ ನಾನು ಕಸ ಗುಡಿಸೋಕೆ ಅಂತ ಮೇಲೆ ಹೋದ್ರೆ... ಹೆಂಗಸರ ಕಡೆ ಎರಡನೇ ಬೆಂಚಲ್ಲಿ ಕಪ್ಪು ಶಾಲು ಹೊದ್ಕೊಂಡು ಕೂತಿದ್ಲು. ಹೆದರಿಸೋಕೆ ಬಂದವಳಲ್ಲ. ನನ್ನ ಕಡೆ ತಿರುಗಲೂ ಇಲ್ಲ. ಕಡೇ ಪ್ರಾರ್ಥನೆಗೆ ಕಾಯ್ತಿದ್ಲು ಅಷ್ಟೇ. ಆವತ್ತು ಒಳಗಿದ್ದೋರು ಒಬ್ಬೊಬ್ಬರೇ ಸತ್ತ ಹಾಗೆಲ್ಲ ಬಂದು ಅವರವರ ಜಾಗದಲ್ಲಿ ಕೂತರು. ಅಪ್ಪ ಮಾತ್ರ ಇಲ್ಲ. ಎದ್ದು ಹೋದೋನಲ್ವಾ, ಅವನು?"

ಥೆಲ್ಮಾ ನಕ್ಕಳು. "ನೀವೇ ಆ ಪ್ರಾರ್ಥನೆ ಹೇಳ್ಬಿಡಬಾರದಿತ್ತಾ ಅಜ್ಜಿ?"

"ಹೇಳದೆ ಬಿಟ್ನಾ? ನಮ್ಮಮ್ಮ ತೀರ್ಕೊಂಡು ಐದನೇ ಬೆಂಚಲ್ಲಿ ಕೂತಾಗ ನನ್ನ ಕೈಲಿ ನೋಡೋಕಾಗ್ಲಿಲ್ಲ. ಮುಂದೆ ನಿಂತು, ಒಂದಕ್ಷರ ಬಿಡದೆ ಹೇಳ್ದೆ. ಯಾರೂ ಏಳಲಿಲ್ಲ. ಅಮ್ಮ ನನ್ನನ್ನ ನೋಡಿದ್ಲು... ದೊಡ್ಡವರ ಪಂಕ್ತೀಲಿ ಮಗು ಬಡಿಸೋಕೆ ಬಂದ್ರೆ ನೋಡ್ತಾರಲ್ಲ, ಹಾಗೆ. ನನ್ನನ್ನ ಸಭೆ ಆರಿಸಿರಲಿಲ್ಲ ನೋಡು. ಸಭೇಲಿ ಹೆಂಗಸರಿಗೆ ಆಗಿನ್ನೂ ಓಟೂ ಇರಲಿಲ್ಲ."

ದಾಗ್ನಿ ಹಿಟ್ಟಿನ ಕೈ ಒರೆಸಿಕೊಂಡಳು. "ಸರಿ ಅಜ್ಜಿ, ಹಾಗಾದ್ರೆ ನಾಳೆ ನಿಮ್ಮನ್ನೇ ಕ್ಲೋಕರ್ ಅಂತ ಆರಿಸ್ತೀವಿ. ನೀವು ಅವರನ್ನೆಲ್ಲ ಕಳಿಸಿಕೊಡಿ, ಆಮೇಲೆ ನಾನು ಕೆಡವಿಸ್ತೀನಿ. ಆಯ್ತಲ್ಲ?"

ರಾಗ್ನಾ ನಗಲಿಲ್ಲ. "ಇದೊಂದು ಮಾತು ನಿನ್ನ ಬಾಯಿಂದ ಬರ್ಲಿ ಅಂತಾನೇ ಕಾದಿದ್ದೆ. ಆರಿಸ್ಬೇಕಾದ್ದು ಆವತ್ತಿನ ಸಭೇನೇ ಅಲ್ವಾ? ಆವತ್ತು ಹಿಮದ ಬಿರುಗಾಳಿ, ಒಳಗಿದ್ದೋರು ಇಪ್ಪತ್ಮೂರೇ ಜನ. ಅವರಲ್ಲಿ ಈಗ ಉಸಿರಾಡ್ತಿರೋರು ಇಬ್ಬರು. ನಾನೊಬ್ಬಳು. ಇನ್ನೊಬ್ಬಳು ಆವತ್ತೇ ದೀಕ್ಷಾಸ್ನಾನ ಆದ ಕೂಸು, ಬೊರ್ಗಿಲ್ಡಳ ಮಗಳು."

ಬೊರ್ಗಿಲ್ಡ್ ದಾಗ್ನಿಯ ತಾಯಿ. ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ನಾರ್ವೆ ಭಾಷೆಯಲ್ಲಿ ಬರೆದ ತನ್ನ ದೀಕ್ಷಾಸ್ನಾನದ ಪತ್ರ, ಅದರ ಮೇಲಿನ ಆ ನವೆಂಬರ್ ಭಾನುವಾರದ ತಾರೀಕು, ಎರಡೂ ದಾಗ್ನಿಗೆ ಚೆನ್ನಾಗಿ ನೆನಪಿದ್ದವು. ಮೇಲೆ ಹೋಗಿ ಅಮ್ಮನನ್ನು ಒಂದು ಸಲ ನೋಡಬೇಕು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಭಯವಾಯಿತು.

"ಅಮ್ಮ... ಕೂತಿದ್ದಾಳಾ?"

"ಮೂರನೇ ಬೆಂಚು, ಗೋಡೆ ಪಕ್ಕ. ಇಷ್ಟು ದಿನ ನಡುವೆ ಕೂರ್ತಿದ್ಲು. ಇವತ್ತು ಬೆಳಿಗ್ಗೆ ನೋಡ್ದೆ, ಸರಿದು ಕೂತಿದ್ದಾಳೆ. ಪಕ್ಕದಲ್ಲಿ ಒಬ್ಬರು ಕೂರೋ ಅಷ್ಟು ಜಾಗ."

"ನಿಮಗೇ ಇರಬೇಕು ಬಿಡಿ ಅಜ್ಜಿ," ಎಂದಳು ಥೆಲ್ಮಾ, ಮೆಲ್ಲಗೆ.

ರಾಗ್ನಾ ಒಲೆಯ ಮೇಲಿನ ಲೆಫ್ಸೆಯನ್ನು ಮಗುಚಿದಳು.

"ನಾನು ಕೂರೋದು ಐದನೇ ಬೆಂಚಲ್ಲಿ ಕಣೇ, ನಮ್ಮಮ್ಮನ ಪಕ್ಕ. ಅಲ್ಲಿ ಇನ್ನೂ ಯಾರೂ ಸರಿದಿಲ್ಲ."