ಖರ್ಚು ಏರಿದ ಮನೆ

ಎದೆರೋಗದ ಡಾಕ್ಟರ ಕೋಣೆಯ ಹೊರಗೆ ಕೂತಿದ್ದೆ. ದೇಶ ಭರ್ಜರಿಯಾಗಿ ಬೆಳೆದಿದೆ ಎಂದು ಗೋಡೆಯ ಟಿವಿಯಲ್ಲಿ ಹೇಳುತ್ತಿದ್ದರು. ಎದುರು ಬೆಂಚಿನಲ್ಲಿ ಒಬ್ಬ ಹೆಂಗಸು, ಮಡಿಲಲ್ಲಿ ಏದುಸಿರು ಬಿಡುತ್ತಿದ್ದ ಪುಟ್ಟ ಮಗಳು. ಪಕ್ಕದಲ್ಲಿ ಹೆಂಗಸಿನ ತಮ್ಮ. ಮನೆಮನೆ ಸಮೀಕ್ಷೆ ಮಾಡುವವನೆಂದು ಅವನ ಕೊರಳಿನ ಗುರುತುಚೀಟಿ ಹೇಳುತ್ತಿತ್ತು.

“ಆ ಬೆಳೆದಿದ್ರಲ್ಲಿ ನಮ್ಮನೆ ಲೆಕ್ಕಾನೂ ಸೇರಿಸಿದೀಯೇನೋ?” ಹೆಂಗಸು ಟಿವಿಯತ್ತ ಕೈತೋರಿಸಿ ತಮ್ಮನನ್ನು ಕೇಳಿದಳು.

“ಸೇರಿದೆ ಅಕ್ಕ. ಜೀವನಮಟ್ಟ ಸುಧಾರಿಸಿದೆ ಅಂತ ಬಂದಿದೆ.”

“ಸುಧಾರಿಸಿದ್ಯಾ! ಯಾರು ಹೇಳಿದ್ದು?”

“ಹೋದ ವರ್ಷಕ್ಕಿಂತ ನಿಮ್ಮನೆ ಖರ್ಚು ಜಾಸ್ತಿ ಆಗಿದೆಯಲ್ಲ. ನಾವು ನೋಡೋದೇ ಅದನ್ನ.”

“ಖರ್ಚಾಗಿದ್ದು ಇವಳ ಇನ್ಹೇಲರಿಗೆ ಕಣೋ, ಆಸ್ಪತ್ರೆಗೆ! ಮನೆ ಎದುರಿಗೆ ಆ ಸಿಮೆಂಟ್ ಗೋದಾಮು ಬಂದ ಮೇಲೆ ಧೂಳಿಗೆ ನಾವು ಕಿಟಕಿ ತೆಗೆದಿಲ್ಲ. ನಿಂಗೊತ್ತಿಲ್ವಾ?”

“ಗೊತ್ತು. ಆದ್ರೆ ಗೋದಾಮಿನ ವಹಿವಾಟೂ ಬೆಳವಣಿಗೇನೇ.”

“ಮೊದ್ಲು ಇವಳು ಬೀದೀಲಿ ಕುಣಿದಾಡ್ಕೊಂಡಿದ್ಲಲ್ಲ, ಅದು?”

“ಅದಕ್ಕೆ ಕಾಲಂ ಇಲ್ಲ ಅಕ್ಕ.”

“ನಿನ್ನ ಕಾಲಮ್ಮಿಗಿಷ್ಟು ಬೆಂಕಿ ಹಾಕ! ಸೋದರಮಾವ ಅಂತೆ, ಸೋದರಮಾವ. ಮಗು ಕಣ್ಣೆದುರಿಗೇ ಉಸಿರಿಗೆ ಒದ್ದಾಡ್ತಿದ್ರೂ ಹಾಗೆ ಬರ್ಕೊಂಡು ಹೋಗೋಕೆ ಮನಸ್ಸಾದ್ರೂ ಹೇಗೆ ಬಂತೋ?”

“ಮೆಲ್ಲಗೆ ಅಕ್ಕ. ಜನ ನೋಡ್ತಿದಾರೆ.”

“ನೋಡ್ಲಿ!”

ನರ್ಸ್ ಕರೆದಳು. ಅಕ್ಕ ಮಗಳನ್ನು ಸೊಂಟಕ್ಕೇರಿಸಿಕೊಂಡು ಬಾಗಿಲ ತನಕ ಹೋದವಳು ತಿರುಗಿ ನಿಂತಳು.

“ಇವಳು ವಾಸಿಯಾದ್ರೆ ಖರ್ಚು ಇಳಿಯುತ್ತೆ ಕಣೋ. ಆಗ ನಮ್ಮನೆ ಹಾಳಾಯ್ತು ಅಂತ ಬರೀತೀಯಾ?”

ತಮ್ಮ ಕೊರಳಿನ ಚೀಟಿಯನ್ನು ಅಂಗಿಯೊಳಗೆ ತುರುಕಿಕೊಂಡು ಅವಳ ಹಿಂದೆ ಒಳಗೆ ಹೋದ.