ವಿಮಾನದ ದಾರಿಯಲ್ಲಿ ಹುರುಳಿ

ಕೊಂಡಮ್ಮನವರೇ, ಮಗಳು ಶ್ಯಾಮಲಮ್ಮ, ಸೂಳಗಿರಿಯಿಂದ ಬಿಸಿಲಲ್ಲಿ ನಡೆದು ಬಂದ ಹಿರಿಯರೇ, ನಮ್ಮ ವಿಮಾನ ನಿಲ್ದಾಣದ ಸಿಬ್ಬಂದಿಯವರೇ — ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಸರಕು, ಟಪಾಲು ನೋಡಿಕೊಳ್ಳುವ ಗುಮಾಸ್ತ ವೆಂಕಟಸ್ವಾಮಿ. ಕೊಂಡಮ್ಮನವರ ಯಜಮಾನರು, ಇಲ್ಲಿ ಕಾವಲುಗಾರರಾಗಿದ್ದ ಸೊಣ್ಣಪ್ಪನವರು ತೀರಿಕೊಂಡು ಇಂದಿಗೆ ಹದಿಮೂರು ದಿನ. ‘ಸೊಣ್ಣಪ್ಪನವರು’ ಅಂದರೆ ನಗುತ್ತಿದ್ದ; ಸೊಣ್ಣಪ್ಪ ಅಂತಲೇ ಅನ್ನುತ್ತೇನೆ. ಅಳಬೇಕು ಅಂತಲೇ ಬಂದೆ. ಆದರೆ ಅವನನ್ನು ನೆನೆದರೆ — ಏನು ಮಾಡಲಿ — ಎದೆ ಕುಣಿಯುತ್ತದೆ!

ನಲವತ್ತೇಳರ ಸಂಕ್ರಾಂತಿಯ ಹಿಂದಿನ ವಾರ ನೆನಪಿದೆಯೇ? ವಿಮಾನ ಇಳಿಯುವ ದಾರಿಯ ತುಂಬ ಹುರುಳಿ! ಕೃಷ್ಣಗಿರಿ ರಸ್ತೆಯಲ್ಲಿ ಹಾಸುತ್ತೀರಲ್ಲ, ಹಾಗೇ ಹಾಸಿ, ಎತ್ತು ಕಟ್ಟಿ ತುಳಿಸುತ್ತಿದ್ದಿರಿ. ಆಗ — ಸದ್ದು ಕೇಳಿಸಿತು. ಮದರಾಸಿನ ವಿಮಾನ! ಒಳಗೆ ಎಂಟು ಜನ!

ಸೊಣ್ಣಪ್ಪ ಓಡಿದ. ಹೇಗೆ ಓಡಿದ ಅಂತೀರಿ! ತಲೆಯ ರುಮಾಲು ಬಿಚ್ಚಿ — ಹೀಗೆ, ಹೀಗೆ — ಬೀಸಿದ. ವಿಮಾನ ಮತ್ತೆ ಮೇಲೆದ್ದು ಸುತ್ತು ಹೊಡೆಯಿತು.

“ಎತ್ತು ಬಿಚ್ರಲಾ! ಕಂಬ್ಳಿ ತನ್ನಿ, ಪೊರಕೆ ತನ್ನಿ! ಏ ಕದಿರಕ್ಕ, ಮೊರ ಬಿಸಾಕು, ಕೈಯಾಗೇ ಬಾಚು!”

ಕನ್ನಡದಲ್ಲಿ ಕೂಗಿದ, ತೆಲುಗಿನಲ್ಲಿ ಬೈದ, ತಮಿಳಿನಲ್ಲಿ ದೇವರಿಗೆ ಮೊರೆಯಿಟ್ಟ. ನೀವು ಬಾಚಿದಿರಿ, ನಾನು ಬಾಚಿದೆ, ಮ್ಯಾನೇಜರೂ ಕೋಟು ಬಿಚ್ಚಿ ಬಾಚಿದರು! ಮೂರನೇ ಸುತ್ತಿಗೆ ವಿಮಾನ ಇಳಿಯಿತು. ಇಳಿದ ಮುದುಕಿಯೊಬ್ಬಳು ಊರೆಲ್ಲ ತನ್ನನ್ನು ಎದುರುಗೊಳ್ಳಲು ಬಂದಿದೆ ಎಂದುಕೊಂಡು ಕೈ ಮುಗಿದಳು.

ಸಂಜೆ ವಿಚಾರಣೆ. ಹಾಸಲು ಅಪ್ಪಣೆ ಕೊಟ್ಟವರು ಯಾರು? “ನಾನೇ ಸೋಮಿ” ಎಂದ ಸೊಣ್ಣಪ್ಪ. ಕೆಲಸ ಹೋಯಿತು. ವಿಮಾನ ಬೀಳಿಸಲು ಹೋದವನು ಎಂಬ ಹೆಸರು ಬಂತು. ಆ ಹೆಸರಿನಿಂದಲೇ ಶ್ಯಾಮಲಮ್ಮನಿಗೆ ನಿಶ್ಚಯವಾಗಿದ್ದ ಸಂಬಂಧ ಮುರಿದುಹೋಯಿತು.

ಈಗ ಕೇಳಿ. ಅಪ್ಪಣೆ ಕೊಟ್ಟವನು — ನಾನು. “ಇವತ್ತು ವಿಮಾನ ಇಲ್ಲ, ಹಾಸಿಕೊಳ್ಳಲಿ ಬಿಡು” ಎಂದು ಅವನಿಗೆ ಹೇಳಿದವನು ನಾನು. ವಿಮಾನ ಬರುತ್ತದೆಂಬ ತಂತಿ ಬೆಳಿಗ್ಗೆಯೇ ಬಂದು ನನ್ನ ಮೇಜಿನ ಮೇಲಿತ್ತು. ಒಡೆದು ನೋಡಿರಲಿಲ್ಲ.

ಯಾಕಪ್ಪ ಹಾಗಂದೆ ಎಂದು ಆಮೇಲೆ ಅವನನ್ನು ಕೇಳಿದೆ.

“ನಿಮ್ಮನೇಗೆ ಆರು ಬಾಯಿ ಅವೆ ಸೋಮಿ. ನಂಗೆ ಗೇಯಕ್ಕೆ ಹೊಲ ಅದೆ. ಸುಮ್ಕಿರಿ.”

ಸುಮ್ಮನಿದ್ದೆ. ಎರಡು ವರ್ಷ — ಸುಮ್ಮನಿದ್ದೆ. ನನಗೆ ನಾಚಿಕೆಯಾಗುತ್ತದೆ. ಇಂದು ಬೆಳಿಗ್ಗೆ ಎಲ್ಲವನ್ನೂ ಬರೆದು ಮ್ಯಾನೇಜರ ಕೈಗೆ ಕೊಟ್ಟು ಬಂದಿದ್ದೇನೆ. ನನಗೇನಾಗಬೇಕೋ ಆಗಲಿ.

ಎಂಟು ಜೀವ ಉಳಿಸಿದ ಸೊಣ್ಣಪ್ಪನಿಗಾಗಿ ಎಲ್ಲರೂ ಎದ್ದು ಎರಡು ನಿಮಿಷ ಮೌನವಾಗಿ ನಿಲ್ಲೋಣ.

ಕೊಂಡಮ್ಮನವರೇ, ನೀವು ಏಳಬೇಡಿ. ನಿಮ್ಮ ಮುಂದೆ ನಿಲ್ಲಬೇಕಾದವರು ನಾವು.