ಮೂರನೇ ಸಲ ಅಂದದ್ದಕ್ಕೆ ಹೋದ ನಾಣ್ಯ

ಇಸ್ಫಹಾನಿನ ನಾಣ್ಯ ಸಂಗ್ರಾಹಕರ ಸಂಘದ ಸನ್ಮಾನ್ಯ ಅಧ್ಯಕ್ಷರಾದ ಕಿಯಾನೂಶ್ ಅವರೇ, ಮುಂದಿನ ಸಾಲಿನಲ್ಲಿ ಕೂತು ಈಗಾಗಲೇ ಗಡಿಯಾರ ನೋಡುತ್ತಿರುವ ನನ್ನ ಶ್ರೀಮತಿ ಪರಿವಶ್ ಅವರೇ, ಚಹಾ ಯಾವಾಗ ಬರುತ್ತದೋ ಎಂದು ಕಾದಿರುವ ಸಭಿಕರೇ,

ನನಗೆ ಸನ್ಮಾನ ಮಾಡಿ, ಹಳೆಯ ಬೆಳ್ಳಿ ನಾಣ್ಯಗಳ ಬಗ್ಗೆ ನಾಲ್ಕು ಮಾತಾಡಿ ಅಂದಿದ್ದೀರಿ. ನನ್ನ ಮೊದಲ ನಾಣ್ಯ ಯಾವುದು ಗೊತ್ತೇ? ನಮ್ಮ ಇರಾನನ್ನು ಆಳಿದ ಶಾ ಅಬ್ಬಾಸನ ಕಾಲದ ಬೆಳ್ಳಿ ಅಬ್ಬಾಸಿ, ನಮ್ಮದೇ ಊರಿನ ಟಂಕಸಾಲೆಯದು. ಕೊಟ್ಟವಳು ನನ್ನ ಅಮ್ಮ. ಹೊಸ ವರ್ಷದ ಹಬ್ಬ ನವರೋಜ್ ಬಂದಾಗಲೆಲ್ಲ ಅದನ್ನು ಹಬ್ಬದ ಹಾಸಿನ ಮೇಲೆ, ಸೇಬಿನ ಪಕ್ಕದಲ್ಲಿ ಇಡುತ್ತಿದ್ದಳು. "ಉಜ್ಜಬೇಡ ಕಣೋ, ಕಪ್ಪಗಿದ್ರೇನೇ ಅದಕ್ಕೆ ಕಳೆ" ಅನ್ನುತ್ತಿದ್ದಳು. ಆಮೇಲೆ ಪೆಟ್ಟಿಗೆಗಟ್ಟಲೆ ಕೂಡಿಹಾಕಿದೆ, ನಿಜ. ಆದರೆ ಅದೊಂದು ಇಲ್ಲದೆ ಉಳಿದದ್ದೆಲ್ಲ ನನಗೆ ಬರೀ ಲೋಹ.

ಯಾಕೆ ಇಲ್ಲ? ಎಲ್ಲ ಈ ಬಾಯಿಯ ದೆಸೆಯಿಂದ! ಒಂದು ನವರೋಜಿಗೆ ದೊಡ್ಡ ಮನುಷ್ಯರೊಬ್ಬರು ಮನೆಗೆ ಬಂದು ಅದನ್ನು ಹೊಗಳಿದರು. ಅತಿಥಿ ಹೊಗಳಿದ ವಸ್ತುವನ್ನು ತೆಗೆದುಕೊಳ್ಳಿ ಅನ್ನದಿದ್ದರೆ ನಮ್ಮಲ್ಲಿ ಮರ್ಯಾದೆ ಉಂಟೇ? "ನಿಮ್ಮದೇ ಅಂದ್ಕೊಳ್ಳಿ, ತಗೊಳ್ಳಿ" ಅಂದೆ. "ಛೇ ಛೇ, ಬೇಡ" ಅಂದರು. "ಅಯ್ಯೋ, ತಗೊಳ್ಳಿ ಸ್ವಾಮಿ" ಅಂದೆ. "ದಯವಿಟ್ಟು ಬೇಡ" ಅಂದರು. ಅಲ್ಲಿಗೆ ಬಾಯಿಗೆ ಒಂದು ಹಿಡಿ ಪಿಸ್ತಾ ತುಂಬಿಕೊಂಡು ಸುಮ್ಮನಾಗಬೇಕಿತ್ತು. ಎರಡು ಸಲ ಅಂದರೆ ಉಪಚಾರ, ಮೂರನೇ ಸಲ ಅಂದರೆ ಮನಸ್ಸಿನ ಮಾತು ಎಂದು ನಮ್ಮ ಮಕ್ಕಳಿಗೂ ಗೊತ್ತು. ನಾನು ಮೂರನೇ ಸಲವೂ ಅಂದುಬಿಟ್ಟೆ! ಅವರಾದರೂ ಏನು ಮಾಡಿಯಾರು? ನನಗೆ ನೋವಾಗಬಾರದೆಂದು ಜೇಬಿಗೆ ಹಾಕಿಕೊಂಡರು. ಅವರು ಹೋದ ಮೇಲೆ ಪರಿವಶ್, "ನಿಮ್ಮ ನಾಲಿಗೆಗೆ ಬೀಗ ಇಲ್ವೇನ್ರೀ? ಅತ್ತೆ ನೆನಪಿಗೆ ಅಂತ ಇದ್ದದ್ದು ಅದೊಂದೇ" ಅಂದಳು. ಅಂದಿನಿಂದ ಸೇಬಿನ ಪಕ್ಕದ ಜಾಗ ಖಾಲಿಯೇ ಇದೆ.

ಆ ದೊಡ್ಡ ಮನುಷ್ಯರ ಹೆಸರು ನಾನು ಹೇಳುವುದಿಲ್ಲ. ಅಧ್ಯಕ್ಷರು ನಗುತ್ತಿದ್ದಾರೆ, ಅಷ್ಟು ಸಾಕು.

ಈಗ ತಾನೇ, ಇದೇ ವೇದಿಕೆಯ ಮೇಲೆ, ಅವರು ನನ್ನ ಕೈಗೊಂದು ಪುಟ್ಟ ಡಬ್ಬಿ ಇಟ್ಟರು. ತೆರೆದು ನೋಡುತ್ತೇನೆ, ಅಮ್ಮನ ಅಬ್ಬಾಸಿ! ಉಜ್ಜಿಲ್ಲ, ಹಾಗೇ ಕಪ್ಪಗಿದೆ. ಕಣ್ಣಿಗೊತ್ತಿಕೊಂಡೆ. ಆದರೆ ನಾಲಿಗೆ ಸುಮ್ಮನಿರಬೇಕಲ್ಲ? "ಬೇಡ ಬೇಡ, ನಿಮ್ಮ ಹತ್ರಾನೇ ಇರ್ಲಿ" ಅಂದೆ. "ತಗೊಳ್ಳಿ ಫರಾಮರ್ಜ್" ಅಂದರು. "ಖಂಡಿತ ಬೇಡ" ಅಂದೆ! ಅಷ್ಟರಲ್ಲಿ ನಿರೂಪಕರು ಭಾಷಣಕ್ಕೆ ನನ್ನ ಹೆಸರು ಕೂಗಿದರು, ಡಬ್ಬಿ ಅಧ್ಯಕ್ಷರ ಜೇಬಿಗೆ ವಾಪಸು ಹೋಯಿತು. ಪರಿವಶ್ ಹಣೆ ಚಚ್ಚಿಕೊಂಡದ್ದು ನನಗೆ ಇಲ್ಲಿಂದಲೇ ಕಾಣಿಸಿತು.

ಸನ್ಮಾನಿಸಿದ ಎಲ್ಲರಿಗೂ ವಂದನೆಗಳು. ಅಧ್ಯಕ್ಷರೇ, ನಾನು ಬೇಡ ಅಂದದ್ದು ಎರಡೇ ಸಲ. ಮೈಕು ಬಿಟ್ಟು ಈಗ ನಿಮ್ಮ ಪಕ್ಕದಲ್ಲೇ ಬಂದು ಕೂರುತ್ತೇನೆ. ದಯವಿಟ್ಟು ಇನ್ನೊಂದು ಸಲ ಹೇಳಿ. ನಮಸ್ಕಾರ.